ಬಿಸ್ಕತ್ತು ಡಬ್ಬಿಯ ನಾಲ್ಕು ಸೊಟ್ಟಗಳು

ಮನೆಯಿಂದ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊದಲು ಕಣ್ಣಿನ ವಿಷಯ ಹೇಳು. ಹೊಸ ವರ್ಷಕ್ಕೆ ನೀನು ಹಾಕಿದ ಕಾರ್ಡಿನಲ್ಲಿ ಅಕ್ಷರಗಳೆಲ್ಲ ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು. ಲೋಹ ಕಡೆಯುವ ಲೇತ್ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಹಿಡಿಯುತ್ತಿದ್ದವನು ನೀನು. ನಿನ್ನ ಅಕ್ಷರ ಜಾರಿದ್ದನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುವುದಿಲ್ಲವೇ? ಬಲಗಣ್ಣಿನ ಪೊರೆ ತೆಗೆಸಿದೆಯೋ, ಇನ್ನೂ ಮೀನಮೇಷ ಎಣಿಸುತ್ತಾ ಕೂತಿದ್ದೀಯೋ, ಒಂದು ಸಾಲು ಬರೆಯಬಹುದಿತ್ತು. ಜಾಗ ಇರಲಿಲ್ಲ ಎನ್ನಬೇಡ, "ಇಲ್ಲಿ ಗಾಳಿ ಜಾಸ್ತಿ" ಎಂದು ಬರೆಯಲು ಇತ್ತಲ್ಲ? ಎಂಟು ವರ್ಷಕ್ಕೆ ಎಂಟು ಕಾರ್ಡು, ಎಂಟರಲ್ಲೂ ಗಾಳಿ ಜಾಸ್ತಿ. ಗುಡ್ಡದ ತುದಿಯಲ್ಲಿ ಟವರಿನ ಬುಡಕ್ಕೆ ಕೂತವನಿಗೆ ಗಾಳಿ ಜಾಸ್ತಿ ಎನ್ನುವುದೂ ಒಂದು ಸುದ್ದಿಯೇನಣ್ಣಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ, ಮೆಟ್ಟಿಲು ಹತ್ತುವಾಗ ಮೊದಲಿನ ಹಾಗೆ ಏದುಸಿರು ಬರುತ್ತದೆಯೋ, ರಾತ್ರಿ ಹೊದೆಯಲು ದಪ್ಪನೆಯದು ಇದೆಯೋ, ಇಂಥವನ್ನು ಬರೆ. ಗಾಳಿಯನ್ನು ಅದರ ಪಾಡಿಗೆ ಬಿಡು.

ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಚಳಿ ಬಿದ್ದರೆ ಮುನಿಸಿಕೊಳ್ಳುತ್ತದೆ, ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕು. ನಮ್ಮ ಎರಡು ಕೋಣೆಗಳು ನೀನು ಬಿಟ್ಟುಹೋದ ಹಾಗೆಯೇ ಇವೆ. ಅಡುಗೆಮನೆಯ ಕಿಟಕಿಕಟ್ಟೆಗೆ ನೀನು ಬಿಗಿದ ವೈಸ್ ಅಲ್ಲೇ ಇದೆ; ತೆಗೆಯಲು ಬಾರದ ಡಬ್ಬಿ ಮುಚ್ಚಳಗಳನ್ನು ಈಗ ಅದಕ್ಕೆ ಕಚ್ಚಿಸಿ ತಿರುಗಿಸುತ್ತೇನೆ, ನೀನು ನೋಡಿದ್ದರೆ ಕೈ ಎತ್ತಿಕೊಂಡು ಬರುತ್ತಿದ್ದೆ. ನಿನ್ನ ಹಳೆಯ ಬೂಟುಗಳು ಬಾಗಿಲ ಹೊರಗೇ ಇವೆ. "ಮನೇಲಿ ಗಂಡಸು ಇದ್ದಾನೆ ಅಂತ ಕಳ್ಳರು ಅಂದ್ಕೊಳ್ಳಲಿ, ಇಡಮ್ಮ" ಎಂದು ಕೆಳಗಿನ ಮಹಡಿಯ ಟೈಲರಮ್ಮ ಹೇಳಿದ್ದಕ್ಕೆ ಇಟ್ಟಿದ್ದು. ತಿಂಗಳಿಗೊಮ್ಮೆ ಪಾಲಿಶ್ ಕೂಡ ಹಾಕುತ್ತೇನೆ, ಧೂಳು ಹಿಡಿದಿದ್ದರೆ ಕಳ್ಳನಿಗೆ ಅನುಮಾನ ಬರುತ್ತದಲ್ಲ. ಎಂಟು ವರ್ಷದಲ್ಲಿ ಒಬ್ಬ ಕಳ್ಳನೂ ಇತ್ತ ತಲೆ ಹಾಕಿಲ್ಲ. ಬಂದಿದ್ದರೆ ಕೂರಿಸಿ ಚಹ ಕೊಟ್ಟು ಎರಡು ಮಾತಾದರೂ ಆಡುತ್ತಿದ್ದೆ. ಭಾನುವಾರಗಳು ಬಹಳ ಉದ್ದ ಅಣ್ಣಾ. ಟೈಲರಮ್ಮನ ಹೊಲಿಗೆ ಯಂತ್ರ ನೆಲದ ಕೆಳಗೆ ಗುರ್ರೆಂದು ಓಡುತ್ತಿರುತ್ತದೆ. ಅದು ನಿಂತರೆ ಅವರು ಊಟಕ್ಕೆ ಎದ್ದರು ಎಂದುಕೊಂಡು ನಾನೂ ಏಳುತ್ತೇನೆ. ಮತ್ತೆ ಶುರುವಾದರೆ ನಾನೂ ತಟ್ಟೆ ತೊಳೆಯುತ್ತೇನೆ. ಅವರ ಜೊತೆ ಊಟ ಮಾಡಿದ ಹಾಗೇ ಆಗುತ್ತದೆ. ನಿನ್ನನ್ನು ಕೇಳುತ್ತಿರುತ್ತಾರೆ. "ನಿಮ್ಮಣ್ಣ ಹೊಲಿಗೆ ಮಷೀನಿಗೆ ಹಾಕಿಕೊಟ್ಟ ಚಕ್ರ ಇನ್ನೂ ಅಲ್ಲಾಡಿಲ್ಲ ಕಣಮ್ಮ" ಎನ್ನುತ್ತಾರೆ.

ಈ ಪತ್ರವನ್ನು ಬರೆಯಲು ಕೂತದ್ದು ಇದು ನಾಲ್ಕನೆಯ ಸಲ. ಮೊದಲ ಮೂರೂ ಒಲೆಗೆ ಹೋದವು. ಜೂನ್ ಕೊನೆಗೆ ನಿನ್ನ ನಿವೃತ್ತಿ. ಗುಡ್ಡದ ಕೆಳಗಿನ ಪೇಟೆಯಲ್ಲಿ ಒಂದು ರೂಮು ನೋಡಿದ್ದೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ನೀನು ಕಾರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ಬರೆದಿದ್ದೆ. ಗಾಳಿಯ ಸುದ್ದಿಗೆ ನಡುವೆ ಜಾಗ, ಇದಕ್ಕೆ ಮೂಲೆ! ಅದನ್ನು ಓದಿದ ದಿನ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆ, ಇನ್ನೊಂದು ಮೂಲೆಯಲ್ಲಿ ಬೇರೆ ಏನಾದರೂ ಬರೆದಿರಬಹುದೆಂದು. ಏನೂ ಇರಲಿಲ್ಲ. ನಿನ್ನ ಮನೆ ಇದು, ಇಲ್ಲಿಗೆ ಬಾ ಎಂದು ಅಂದೇ ಬರೆಯಬಹುದಿತ್ತು. ಬರೆಯಲಾಗಲಿಲ್ಲ. ಕರೆಯುವ ಮೊದಲು ನಿನಗೆ ಹೇಳಲೇಬೇಕಾದ ಒಂದು ವಿಷಯ ಇದೆ, ಅದನ್ನು ಹೇಳದೆ ಕರೆದರೆ ನಿನ್ನ ಎದುರು ಕೂತು ಉಣ್ಣಲು ನನ್ನಿಂದ ಸಾಧ್ಯವಿಲ್ಲ. ಹೇಳಿದ ಮೇಲೆ ನೀನು ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಆದ್ದರಿಂದ ನಿಧಾನವಾಗಿ, ಮೊದಲಿನಿಂದ ಹೇಳುತ್ತೇನೆ, ಸಿಟ್ಟು ಬಂದರೂ ನಡುವೆ ಮಡಿಚಿಡಬೇಡ.

ಗುರುವಾರದಿಂದ ಶುರು ಮಾಡುತ್ತೇನೆ. ನಮ್ಮ ಅಳತೆಯ ಲ್ಯಾಬು ಮುಂದಿನ ತಿಂಗಳು ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಹಳೆಯ ಬೀರುಗಳನ್ನೆಲ್ಲ ಖಾಲಿ ಮಾಡಿ, ಬೇಡದ್ದನ್ನು ತೆಗೆದು ಹಜಾರದಲ್ಲಿ ಗುಡ್ಡೆ ಹಾಕಬೇಕೆಂದು ಹೂಂ ಸಾಹೇಬರ ಅಪ್ಪಣೆ. ಹೌದು, ಅವರೇ ಇನ್ನೂ ನಮ್ಮ ಮುಖ್ಯಸ್ಥರು, ಇನ್ನೂ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ನೀನು ಇಟ್ಟ ಹೆಸರು ಈಗ ಇಡೀ ಲ್ಯಾಬಿಗೆ ಗೊತ್ತು, ಅವರೊಬ್ಬರನ್ನು ಬಿಟ್ಟು. ಮೂಲೆಯ ಬೀರುವಿನ ತಳದಲ್ಲಿ, ಕೇಬಲ್ ಸುರುಳಿಗಳ ಹಿಂದೆ, ಚೌಕದ ಬಿಸ್ಕತ್ತು ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳದ ಮೇಲೆ ಚಹದ ಕಪ್ಪು ಹಿಡಿದು ನಗುವ ಹುಡುಗಿಯ ಚಿತ್ರ, ಈಗ ಅವಳ ಮೂಗಿಗೆ ತುಕ್ಕು ಹಿಡಿದಿದೆ. ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಗೊತ್ತಾಯಿತು. ಹಳದಿ ಫ್ಲಾನೆಲ್ ಬಟ್ಟೆ, ಬಟ್ಟೆಯೊಳಗೆ ನೀನೇ ಕಡೆದ ನಾಲ್ಕು ಹಿತ್ತಾಳೆ ತುಂಡುಗಳು, ನಿನ್ನ ಸೊಟ್ಟಗಳು. ಹಿತ್ತಾಳೆ ತುಸು ಕಪ್ಪಾಗಿದೆ, ಅಷ್ಟೇ. ತಿರುಪಿನ ಎಳೆಗಳು ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತವೆ. ತಳದಲ್ಲಿ ನೀನು ಸೂಜಿಯಿಂದ ಕೆತ್ತಿದ ಅಂಕಿಗಳು: ಒಂದು ಪಾಯಿಂಟ್ ಎರಡು, ಒಂದೂವರೆ, ಎರಡು, ಮೂರು. ಮಂಡಿ ನೋವನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಿನಗೆ ಗೊತ್ತಿರುವುದನ್ನು ನಿನಗೇ ಹೇಳುತ್ತಿದ್ದೇನೆ ಎಂದು ನಗಬೇಡ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ? ಟೈಲರಮ್ಮನಿಗೆ ಒಮ್ಮೆ ಹೇಳಲು ಹೋದರೆ, ಅವರು ನನಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು. ನೀನು ನನ್ನನ್ನು ಅನಲೈಜರ್ ಮುಂದೆ ಕೂರಿಸಿದ ಮೊದಲ ದಿನದ ಮಾತು ಈಗಲೂ ಕಿವಿಯಲ್ಲಿದೆ. "ಈ ಮಷೀನು ಕೇಬಲಿನಲ್ಲಿ ಒಂದು ಸಿಗ್ನಲ್ ಕಳಿಸುತ್ತೆ. ತುದೀಲಿ ಕೂತಿರೋದು ಅದನ್ನ ಪೂರ್ತಿ ನುಂಗಿದ್ರೆ ಏನೂ ವಾಪಸ್ ಬರಲ್ಲ. ಅರ್ಧಂಬರ್ಧ ನುಂಗಿದ್ರೆ ಮಿಕ್ಕಿದ್ದು ವಾಪಸ್ ಬರುತ್ತೆ. ಎಷ್ಟು ಹೋಯ್ತು, ಎಷ್ಟು ಬಂತು, ಇಷ್ಟೇ ಇದರ ಕೆಲಸ." ನೆಟ್‌ವರ್ಕ್ ಅನಲೈಜರ್ ಎಂಬ ದೊಡ್ಡ ಹೆಸರಿಗೆ ನಾನು ಹೆದರಿ ಕೂತಿದ್ದರೆ ನೀನು ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟೆ. ಯಂತ್ರಕ್ಕೂ ಅದರದೇ ತಪ್ಪುಗಳಿರುತ್ತವೆ, ಕೇಬಲ್ಲಿನಲ್ಲಿ, ಜೋಡಣೆಯಲ್ಲಿ. ಅದಕ್ಕೇ ದಿನವೂ ಅಳತೆಗೆ ಕೂರುವ ಮೊದಲು ಮರದ ಪೆಟ್ಟಿಗೆಯಿಂದ ಮೂರು ಮೂಲ ತುಂಡುಗಳನ್ನು ತೆಗೆದು ಅದಕ್ಕೆ ತೋರಿಸಬೇಕು: ಓಪನ್, ಶಾರ್ಟ್, ಲೋಡ್. ನಿನ್ನ ಬಾಯಲ್ಲಿ ಬಾಯಿ ಬಿಟ್ಕೊಂಡಿರೋದು, ಬಾಯಿ ಮುಚ್ಕೊಂಡಿರೋದು, ಎಲ್ಲಾ ನುಂಗೋದು. ಈ ಮೂರನ್ನೂ ಕಣ್ಣು ಮುಚ್ಚಿ ನಂಬಿ ಯಂತ್ರ ತನ್ನ ತಪ್ಪನ್ನು ಕಳೆದುಕೊಳ್ಳುತ್ತದೆ. ಎಲ್ಲಾ ನುಂಗುವ ಲೋಡೇ ಒಳಗೆ ಕೆಟ್ಟಿದ್ದರೆ, ಕೆಟ್ಟದ್ದನ್ನೇ ಸರಿ ಎಂದುಕೊಂಡು ಮಿಕ್ಕವುಗಳನ್ನೆಲ್ಲ ತಪ್ಪಾಗಿ ಓದುತ್ತದೆ. "ಲೋಡ್ ತೋರಿಸಿ, ಮತ್ತೆ ಅದೇ ಲೋಡನ್ನ ಅಳೆದು, ಆಹಾ ಸರಿಯಾಗಿದೆ ಅನ್ಬೇಡ ಮೊಂಡಿ. ತನ್ನನ್ನ ತಾನೇ ಅಳ್ಕೊಂಡ್ರೆ ಎಲ್ಲರೂ ಸರೀನೇ" ಎಂದು ತಲೆಗೆ ಮೊಟಕಿದ್ದೆ. ಆ ಮಾತು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ನೀನು ಸೊಟ್ಟಗಳನ್ನು ಮಾಡಿದ ಆ ಚಳಿಗಾಲ ನೆನಪಿದೆಯಾ? ಎಲ್ಲಾ ನುಂಗುವ ಲೋಡು ಲ್ಯಾಬಿನಲ್ಲಿ ಮಾತ್ರ ಸಿಗುತ್ತದೆ, ಹೊರಗಿನ ಆಂಟೆನಾ ನೆನೆದಿರುತ್ತದೆ, ಬಾಗಿರುತ್ತದೆ, ಅದು ನುಂಗದೆ ಹಿಂದಕ್ಕೆ ಕಳಿಸಿದ್ದು ಟ್ರಾನ್ಸ್‌ಮಿಟರನ್ನೇ ಸುಡುತ್ತದೆ ಎಂದು ನೀನು ಹೇಳುತ್ತಿದ್ದೆ. ಅಂಥದ್ದನ್ನು ಪರೀಕ್ಷೆ ಮಾಡಲು ಬೇಕೆಂದೇ ಹೊಂದಿಕೆ ತಪ್ಪಿಸಿದ ಲೋಡುಗಳು ಬೇಕು, ಆದರೆ ಎಷ್ಟು ತಪ್ಪಿಸಿದ್ದೇವೆ ಎನ್ನುವುದು ಮಾತ್ರ ಕರಾರುವಾಕ್ಕಾಗಿ ಗೊತ್ತಿರಬೇಕು. "ಅಳೆದು ಸೊಟ್ಟ ಮಾಡಿದ್ದು" ಎಂದು ನೀನು ನಕ್ಕೆ, ಅಂದಿನಿಂದ ಅವು ಸೊಟ್ಟಗಳೇ ಆದವು. ಒಂದು ಎಂದರೆ ಪೂರ್ತಿ ಹೊಂದಿಕೆ, ಅಂಕಿ ಏರಿದಷ್ಟೂ ಸೊಟ್ಟತನ ಹೆಚ್ಚು. ಮೂರು ತಿಂಗಳು ನೀನು ಲೇತ್ ಬಿಟ್ಟು ಏಳಲಿಲ್ಲ. ಊಟದ ಹೊತ್ತಿನಲ್ಲೂ ಬೆರಳು ಮೇಜಿನ ಮೇಲೆ ಏನನ್ನೋ ತಿರುಗಿಸುತ್ತಿರುತ್ತಿತ್ತು. ನಿನಗೆ ಯಾವ ಡಿಗ್ರಿಯೂ ಇರಲಿಲ್ಲ. ಲೇತ್ ರೂಮಿನಿಂದ ಲ್ಯಾಬಿಗೆ ಬಂದವನೆಂದು ಒಳಗೊಳಗೇ ಮೂಗು ಮುರಿಯುವವರು ಇದ್ದರು. ಈ ನಾಲ್ಕನ್ನು ಲ್ಯಾಬಿನ ಅಧಿಕೃತ ತುಂಡುಗಳೆಂದು ಒಪ್ಪಿದರೆ ಸಾಕು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ನೀನು ಒಮ್ಮೆ ಕಿಟಕಿಯ ಬಳಿ ನಿಂತು ಅಂದದ್ದು ನನಗೆ ನೆನಪಿದೆ. ಅದೇ ಸಮಯಕ್ಕೆ ಮರದ ಪೆಟ್ಟಿಗೆಯ ಬೀಗದಕೈ ಯಾರಿಗೆ ಕೊಡುವುದು ಎಂಬ ಪ್ರಶ್ನೆ ಬಂತು, ನೀನು ಹೂಂ ಸಾಹೇಬರ ಕೋಣೆಗೆ ಹೋಗಿ ನನ್ನ ಪರವಾಗಿ ಮಾತಾಡಿದೆ. "ಅವಳ ಕೈಯಿಂದ ಒಂದೇ ಒಂದು ವಸ್ತು ಬಿದ್ದಿದ್ದನ್ನ ನಾನು ಇವತ್ತಿನವರೆಗೆ ನೋಡಿಲ್ಲ ಸಾರ್." ಬಾಗಿಲ ಹೊರಗೆ ನಿಂತಿದ್ದ ನನಗೆ ಕೇಳಿಸಿತು. ಅಮ್ಮ ಹೋದಾಗ ನನಗೆ ಹನ್ನೊಂದು, ನಿನಗೆ ಇಪ್ಪತ್ತು. ಅಂದಿನಿಂದ ನನ್ನ ಕೈ ನೋಡುತ್ತಾ ಬಂದವನು ಹೇಳಿದ ಮಾತು ಅದು. ಕೀ ಸಿಕ್ಕಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಅದಾಗಿ ಮೂರು ವಾರಕ್ಕೆ, ಸೊಟ್ಟಗಳನ್ನು ಒಪ್ಪುವುದೋ ಬಿಡುವುದೋ ಎಂಬ ಆ ಸಭೆ. ಹೂಂ ಸಾಹೇಬರು, ಹೊರಗಿನಿಂದ ಬಂದ ಇಬ್ಬರು ತಜ್ಞರು, ನೀನು, ಅನಲೈಜರಿನ ಮುಂದೆ ನಾನು. ಬೆಳಿಗ್ಗೆಯೇ ಮೂರು ತುಂಡು ತೋರಿಸಿ ಯಂತ್ರವನ್ನು ಸಿದ್ಧ ಮಾಡಿಟ್ಟಿದ್ದೆ. ಒಂದೊಂದಾಗಿ ನಿನ್ನ ಸೊಟ್ಟಗಳನ್ನು ಹಾಕಿ, ಟಕ್ ಎನ್ನುವವರೆಗೆ ಸ್ಪ್ಯಾನರಿನಿಂದ ಬಿಗಿದು, ಓದುತ್ತಾ ಹೋದೆ. ಒಂದು ಪಾಯಿಂಟ್ ಎರಡು ಎಂದು ಕೆತ್ತಿದ್ದು ಒಂದು ಪಾಯಿಂಟ್ ಮೂರು. ಒಂದೂವರೆ ಎಂದದ್ದು ಒಂದು ಪಾಯಿಂಟ್ ಆರು ಐದು. ಎರಡು ಎಂದದ್ದು ಎರಡು ಪಾಯಿಂಟ್ ಎರಡು. ಮೂರು ಎಂದದ್ದನ್ನು ಓದುವಾಗ ನನ್ನ ದನಿ ಸಣ್ಣದಾಗಿತ್ತು, ಮೂರು ಪಾಯಿಂಟ್ ನಾಲ್ಕು. ತಜ್ಞರಲ್ಲಿ ಒಬ್ಬರು ನಕ್ಕು, "ಕೈಕೆಲಸ ಅಂದ್ರೆ ಕೈಕೆಲಸ, ಅಷ್ಟೇ ಅಲ್ವಾ" ಎಂದರು. ಹೂಂ ಸಾಹೇಬರು ಹೂಂ ಎಂದರು. ನೀನು ಮಾತ್ರ ನನ್ನ ಕಡೆ ತಿರುಗಿದೆ. "ಮಷೀನಿಗೂ ನನ್ನ ತುಂಡಿಗೂ ನಡುವೆ ಆ ಉದ್ದ ಕೊಳವೆ ಹಾಕಿ ಒಂದ್ಸಲ ನೋಡು. ನನ್ನ ತುಂಡಿಂದ ವಾಪಸ್ ಬರೋದು ಅಷ್ಟು ದೂರ ನಡ್ಕೊಂಡು ಬರ್ಬೇಕು, ಮಷೀನಿನ ಸ್ವಂತ ತಪ್ಪು ಇದ್ದಲ್ಲೇ ಇರುತ್ತೆ. ಎರಡೂ ಒಂದು ಕಡೆ ಕೂಡುತ್ತೆ, ಒಂದು ಕಡೆ ಕಳೆಯುತ್ತೆ. ಪರದೆ ಮೇಲೆ ಗೆರೆ ಅಲೆ ಅಲೆಯಾಗಿ ಎದ್ರೆ ತಪ್ಪು ಮಷೀನಿಂದು. ನೆಟ್ಟಗಿದ್ರೆ ನಂದು, ನಾನು ಒಪ್ಕೊಳ್ತೀನಿ." ಹತ್ತು ನಿಮಿಷದ ಕೆಲಸ. ಕೊಳವೆ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ನಾನು ಏಳಲಿಲ್ಲ. "ಬೆಳಿಗ್ಗೆನೇ ಎಲ್ಲಾ ಸರಿ ನೋಡಿದೀನಿ ಅಣ್ಣಾ, ಮಷೀನು ಸುಳ್ಳು ಹೇಳಲ್ಲ" ಎಂದೆ.

ನೀನು ನಾಲ್ಕನ್ನೂ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ, ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿದೆ. ಬೈದಿದ್ದರೆ ಚೆನ್ನಾಗಿತ್ತು. ಆ ತಿಂಗಳು ಮನೆಯಲ್ಲಿ ನಾವಿಬ್ಬರು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು: ಉಪ್ಪು ಕೊಡು, ಬಾಗಿಲು ಹಾಕಿಕೋ, ಮಳೆ ಬರುವ ಹಾಗಿದೆ. ನೀನೇ ಕೇಳಿಕೊಂಡು ಗುಡ್ಡದ ಮೇಲಿನ ಸ್ಟೇಷನ್ನಿಗೆ ವರ್ಗ ಮಾಡಿಸಿಕೊಂಡೆ ಎಂದು ನನಗೆ ಗೊತ್ತಾದದ್ದು ಲ್ಯಾಬಿನ ನೋಟಿಸ್ ಬೋರ್ಡಿನಿಂದ. ಹೊರಡುವ ದಿನ ನೀನು ಹೊಸ ಬೂಟು ಹಾಕಿಕೊಂಡು, ಹಳೆಯದನ್ನು ಬಾಗಿಲಲ್ಲೇ ಬಿಟ್ಟು, "ಗ್ಯಾಸ್ ಆರಿಸೋದು ಮರೀಬೇಡ" ಎಂದು ಹೇಳಿ ಮೆಟ್ಟಿಲಿಳಿದೆ. ಕಿಟಕಿಯಿಂದ ನೋಡುತ್ತಿದ್ದೆ, ನೀನು ಮೇಲೆ ನೋಡಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯಲು ನಡುವೆ ದೂರ ಹಾಕಬೇಕು ಎಂದವನು ನೀನೇ ನಿಜ, ಆದರೆ ಇಷ್ಟು ದೂರ ಹಾಕುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ಗ್ಯಾಸನ್ನು ಈಗಲೂ ಮಲಗುವ ಮೊದಲು ಎರಡು ಸಲ ನೋಡುತ್ತೇನೆ.

ಈಗ ಮತ್ತೆ ಗುರುವಾರಕ್ಕೆ ಬರುತ್ತೇನೆ. ಊಟದ ಬಿಡುವಿನಲ್ಲಿ ಎಲ್ಲರೂ ಕೆಳಗೆ ಹೋದ ಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ನನ್ನ ಡ್ರಾಯರಿನಲ್ಲಿ ಕೆಂಪು ಚೀಟಿ ಅಂಟಿಸಿದ ಹಳೆಯ ಲೋಡೊಂದಿದೆ. ಅಂದು ಸಭೆಯ ದಿನ ಬಳಸಿದ್ದು ಅದೇ. ಅದು ನನ್ನ ಡ್ರಾಯರಿಗೆ ಹೇಗೆ ಬಂತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಕೆಂಪು ಚೀಟಿಯ ಲೋಡನ್ನೇ ಯಂತ್ರಕ್ಕೆ ತೋರಿಸಿ, ನಿನ್ನ ನಾಲ್ಕನ್ನೂ ಹಾಕಿದೆ. ಎಂಟು ವರ್ಷದ ಹಿಂದಿನ ಅದೇ ಅಂಕಿಗಳು ಸಾಲಾಗಿ ಬಂದವು. ಆಮೇಲೆ ಉದ್ದ ಕೊಳವೆಯನ್ನು ತಂದು ನಡುವೆ ಬಿಗಿದೆ. ಗೆರೆ ಎದ್ದಿತು ಅಣ್ಣಾ, ಅಲೆ ಅಲೆಯಾಗಿ, ಪರದೆಯ ಈ ತುದಿಯಿಂದ ಆ ತುದಿಯವರೆಗೆ, ನೀನು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದ್ದೆಯಲ್ಲ, ಥೇಟ್ ಹಾಗೆಯೇ. ಎಲ್ಲವನ್ನೂ ಬಿಚ್ಚಿ, ಈಗಿನ ಒಳ್ಳೆಯ ಲೋಡನ್ನು ತೋರಿಸಿ, ಮತ್ತೆ ಮೊದಲಿನಿಂದ ಮಾಡಿದೆ. ಕೊಳವೆ ಹಾಕಿದರೂ ಗೆರೆ ಮಲಗಿದ ಹಾಗೆ ನೆಟ್ಟಗಿತ್ತು. ಒಂದು ಪಾಯಿಂಟ್ ಎರಡು. ಒಂದೂವರೆ. ಎರಡು. ಮೂರು. ಸೂಜಿಯಲ್ಲಿ ಕೆತ್ತಿದ್ದು ಒಂದು ಕೂದಲೂ ಆಚೀಚೆ ಇಲ್ಲ. ಎಂಟು ವರ್ಷ ಬೀರುವಿನ ತಳದಲ್ಲಿ ಬಿದ್ದಿದ್ದ ವಸ್ತು! ಎದ್ದು ಯಾರಿಗಾದರೂ ಹೇಳಬೇಕೆನಿಸಿತು. ಹಜಾರದ ತನಕ ಹೋದೆ, ಯಾರೂ ಇರಲಿಲ್ಲ, ವಾಪಸ್ ಬಂದು ಯಂತ್ರದ ಮುಂದೆಯೇ ಕೂತು ಅತ್ತೆ. ಊಟ ಮುಗಿಸಿ ಬಂದವರು ಕೇಳಿದ್ದಕ್ಕೆ ನೆಗಡಿ ಎಂದೆ.

ಕೆಂಪು ಚೀಟಿಯ ಕಥೆ ಇದು. ನೀನು ಹೋಗಿ ಹತ್ತು ತಿಂಗಳಿಗೆ ಮರದ ಪೆಟ್ಟಿಗೆ ಎಂದಿನಂತೆ ತಪಾಸಣೆಗೆ ಹೋಯಿತು. ಲೋಡಿನ ಒಳಗಿನ ಪಿಂಗಾಣಿ ಬಿಲ್ಲೆಯಲ್ಲಿ ಬಿರುಕಿದೆ, ಬದಲಿ ಹಾಕಿದ್ದೇವೆ ಎಂದು ಬರೆದು, ಹಳೆಯದಕ್ಕೆ ಕೆಂಪು ಚೀಟಿ ಅಂಟಿಸಿ ಕಳಿಸಿದರು. ಮೂಲ ತುಂಡು ಕೆಟ್ಟಿದೆ ಎಂದು ಗೊತ್ತಾದರೆ ಆ ಅವಧಿಯಲ್ಲಿ ಅಳೆದದ್ದನ್ನೆಲ್ಲ ವಾಪಸ್ ತರಿಸಿ ಮತ್ತೆ ಅಳೆಯಬೇಕು, ನಿಯಮ ನಿನಗೆ ಗೊತ್ತು. ನಾನು ಎರಡು ತಿಂಗಳು ಕೂತು ನಲವತ್ತೊಂದು ಕೆಲಸಗಳನ್ನು ಮತ್ತೆ ಮಾಡಿದೆ. ಮುಖ ನೋಡದವರಿಗೆಲ್ಲ ಕ್ಷಮೆ ಕೇಳಿ ಕಾಗದ ಬರೆದೆ. ನಿನ್ನ ನಾಲ್ಕನ್ನು ಮಾತ್ರ ಅಳೆಯಲಿಲ್ಲ. ಅವು ಹೊರಗಿನಿಂದ ಬಂದ ಕೆಲಸವಲ್ಲ, ಅವಕ್ಕೆ ಕೆಲಸದ ನಂಬರೇ ಇರಲಿಲ್ಲ, ಪಟ್ಟಿಯಲ್ಲಿ ಬರಲಿಲ್ಲ. ಪಟ್ಟಿ ಮುಗಿಯಿತು, ನಾನು ಕೈ ತೊಳೆದುಕೊಂಡೆ. ಕೇಳಿದವರಿಗೆ ಹೇಳಲು ಒಳ್ಳೆಯ ಕಾರಣ; ಯಾರೂ ಕೇಳಲಿಲ್ಲ. ನಂಬರ್ ಇಲ್ಲದ್ದು ನೆನಪಿನಲ್ಲಿ ಇರಲಿಲ್ಲ ಎಂದಲ್ಲ. ಹಗಲೆಲ್ಲ ಅದೇ ನೆನಪು. ಡಬ್ಬಿಯನ್ನು ಕೇಬಲ್ ಸುರುಳಿಗಳ ಹಿಂದೆ ತಳ್ಳಿದವಳು ನಾನೇ. ಕಾರ್ಡು ಬಂದಾಗಲೆಲ್ಲ ಇವತ್ತು ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಬರೆಯಲು ಕೂತರೆ ಪೆನ್ನು ಮೇಲೇಳುತ್ತಿರಲಿಲ್ಲ.

ಶುಕ್ರವಾರ ಹೊಸ ಅಳತೆಯ ವರದಿಯನ್ನೂ ಅಲೆಯ ಗೆರೆ, ನೆಟ್ಟನೆಯ ಗೆರೆ ಎರಡನ್ನೂ ಹೂಂ ಸಾಹೇಬರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೂಂ ಎಂದರು, ಆದರೆ ಈ ಸಲದ ಹೂಂ ಬೇರೆ ಥರ ಇತ್ತು. "ಇವನ್ನ ಹೊಸ ಕಟ್ಟಡಕ್ಕೆ ತಗೊಂಡು ಹೋಗಿ, ನಂಬರ್ ಕೊಡಿ" ಎಂದರು. ಕೊಟ್ಟಿದ್ದೇನೆ. ನಾಲ್ಕೂ ಈಗ ಲ್ಯಾಬಿನ ಅಧಿಕೃತ ತುಂಡುಗಳು, ತಯಾರಿಸಿದವರು ಎಂಬಲ್ಲಿ ನಿನ್ನ ಹೆಸರು ನನ್ನ ಅಕ್ಷರದಲ್ಲೇ ಇದೆ. ಬಿಸ್ಕತ್ತು ಡಬ್ಬಿಯ ಬದಲು ಮರದ ಪೆಟ್ಟಿಗೆ ಮಾಡಿಸಲು ಹೊರಟಿದ್ದರು, ಡಬ್ಬಿಯೇ ಇರಲಿ ಎಂದು ಹಟ ಹಿಡಿದಿದ್ದೇನೆ. ವರದಿಯಲ್ಲಿ ಒಂದು ಸಾಲು ಮಾತ್ರ ಖಾಲಿ ಉಳಿದಿದೆ. ಹಳೆಯ ಲೋಡು ಹೇಗೆ ಕೆಟ್ಟಿತು ಎಂದು ತಿಳಿಸಬೇಕಾದ ಸಾಲು. ಅದನ್ನು ನಾಳೆ ಬೆಳಿಗ್ಗೆ ತುಂಬಿ ಕೊಡಬೇಕು.

ಹೇಳಬೇಕಾದದ್ದು ಇಷ್ಟೇ ಎಂದುಕೊಳ್ಳುತ್ತೇನೆ. ಕಣ್ಣಿನ ಆಪರೇಷನ್ ಆಗಿಲ್ಲದಿದ್ದರೆ ಈ ಪತ್ರವನ್ನು ಒಮ್ಮೆಗೇ ಓದಬೇಡ, ಹಗಲು ಬೆಳಕಿನಲ್ಲಿ ಸ್ವಲ್ಪ ಸ್ವಲ್ಪ ಓದು. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಲರಮ್ಮ ನಿನಗೆ ನಮಸ್ಕಾರ ಹೇಳಿದ್ದಾರೆ, ಜೊತೆಗೆ ಸ್ವೆಟರಿಗೆ ಅಳತೆ ಕಳಿಸಬೇಕಂತೆ, ಎಂಟು ವರ್ಷದ ಹಿಂದಿನ ಅಳತೆ ಈಗ ಸುಳ್ಳಾಗಿರುತ್ತದೆ ಎನ್ನುತ್ತಾರೆ. ಬೆಚ್ಚಗಿರು. ನಿನ್ನ ಪಾದಕ್ಕೆ ಇಲ್ಲಿಂದಲೇ ಕೈ ಮುಟ್ಟಿಸಿದ್ದೇನೆ.

ನಿನ್ನ
ಮೊಂಡಿ

ತಾ.ಕ.: ಅಂಟು ಹಾಕಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ರೈಲ್ವೆ ಸ್ಟೇಷನ್ನಿನ ಅಂಚೆ ಪೆಟ್ಟಿಗೆಯನ್ನು ಭಾನುವಾರವೂ ಐದು ಗಂಟೆಗೆ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ, ಅಕ್ಷರ ಕೆಟ್ಟರೆ ಸಹಿಸಿಕೋ. ಆ ಲೋಡು ತಾನಾಗಿ ಕೆಡಲಿಲ್ಲ ಅಣ್ಣಾ. ನನ್ನ ಕೈಯಿಂದ ಬಿತ್ತು. ಸಭೆಯ ದಿನವೇ, ಬೆಳಿಗ್ಗೆ ಒಂಬತ್ತು ಗಂಟೆಗೆ, ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ. ಟಣ್ ಎಂದು ಬಿದ್ದು ಸ್ಟೂಲಿನ ಕೆಳಗೆ ಉರುಳಿತು. ಎತ್ತಿಕೊಂಡು, ಒರೆಸಿ, ಬಾಗಿಲ ಕಡೆ ನೋಡಿದೆ. ಹೇಳಿದರೆ ಪೆಟ್ಟಿಗೆಯನ್ನು ತಪಾಸಣೆಗೆ ಕಳಿಸಬೇಕು, ಸಭೆ ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ, ಅಷ್ಟೇ ಆಗುತ್ತಿದ್ದದ್ದು. ಆದರೆ ನನ್ನ ಕೈಯಿಂದ ಏನೂ ಬೀಳುವುದಿಲ್ಲ ಎಂದು ಮೂರು ವಾರದ ಹಿಂದೆ ನೀನು ಹೇಳಿದ್ದೆ. ಅದನ್ನು ಸುಳ್ಳು ಮಾಡಲು ಬಾಯಿ ಬರಲಿಲ್ಲ. ಅದೇ ಲೋಡನ್ನು ಯಂತ್ರಕ್ಕೆ ತೋರಿಸಿ, ಮತ್ತೆ ಅದನ್ನೇ ಅಳೆದು, ಸರಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಮೊಟಕಿ ಹೇಳಿಕೊಟ್ಟದ್ದು ನೆನಪಿದ್ದೂ ಹಾಗೆ ಮಾಡಿದೆ. ನೀನು ಕೊಳವೆ ಹಾಕು ಎಂದಾಗ ಅಲೆ ಏಳುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಏಳಲಿಲ್ಲ. ತಪಾಸಣೆಯವರು ಹೇಗೆ ಕೆಟ್ಟಿತು ಎಂದು ಕೇಳಿದಾಗ ಗೊತ್ತಿಲ್ಲ ಎಂದು ಬರೆದೆ. ನಾಳೆ ಖಾಲಿ ಸಾಲಿನಲ್ಲಿ ನನ್ನ ಕೈಯಿಂದ ಬಿತ್ತು ಎಂದು ಬರೆಯುತ್ತೇನೆ. ಪೆಟ್ಟಿಗೆಯ ಕೀ ವಾಪಸ್ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಹೂಂ ಸಾಹೇಬರಿಗಿಂತ ಮೊದಲು ನಿನಗೆ ಹೇಳಬೇಕೆಂದು ಈ ಪತ್ರವನ್ನು ಇವತ್ತೇ ಹಾಕುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಬೈ. ಆದರೆ ಕಾರ್ಡಿನಲ್ಲಿ ಬೈಯಬೇಡ, ಜಾಗ ಸಾಲುವುದಿಲ್ಲ. ಮನೆಗೆ ಬಂದು ಬೈ.